ಗೂಡಿಗೆ ಸವಾಲು, ಗೊಂಬೆಗೆ ಬೆಲೆಚೀಟಿ

ಬೆಂಗಳೂರಿನಿಂದ ಮೈಸೂರಿನತ್ತ ಹಳೆಯ ಹೆದ್ದಾರಿ ಹಿಡಿದರೆ ರಾಮನಗರ ಸಿಗುತ್ತದೆ, ಅದನ್ನು ದಾಟಿ ಹತ್ತು ಹನ್ನೆರಡು ಕಿಲೋಮೀಟರಿಗೆ ಚನ್ನಪಟ್ಟಣ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಲೆಚೀಟಿ ಎಂಬುದೇ ಇಲ್ಲ. ರೈತ ಗೂಡು ಸುರಿಯುತ್ತಾನೆ, ನೂಲು ತೆಗೆಯುವ ರೀಲರುಗಳು ಕೈಗೆತ್ತಿಕೊಂಡು ನೋಡಿ ಬಿಡ್ ಹಾಕುತ್ತಾರೆ, ಅಂದಿನ ಬೆಲೆ ಅಂದೇ ಇತ್ಯರ್ಥ. ಚನ್ನಪಟ್ಟಣದ ಗೊಂಬೆ ಅಂಗಡಿಗಳಲ್ಲಿ ಕತೆ ತಿರುಗುಮುರುಗು. ಚೌಕಾಸಿ ಎಷ್ಟೇ ನಡೆಯಲಿ, ಮೊದಲ ಅಂಕಿ ಹೇಳುವವರು ಅಂಗಡಿಯವರೇ.

ಈ ವ್ಯತ್ಯಾಸಕ್ಕೆ ಕಾರಣ ಸರಳ. ಗೂಡಿನೊಳಗೆ ಜೀವವಿದೆ. ಕೆಲವು ದಿನ ಬಿಟ್ಟರೆ ಪತಂಗ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ನೂಲು ಹಾಳಾಗುತ್ತದೆ. ರೈತ ಕಾಯುವಂತಿಲ್ಲ, ಆದ್ದರಿಂದ ಹರಾಜು. ಹಾಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ಉಜ್ಜುವಿಕೆಯ ಬಿಸಿಗೇ ಬಣ್ಣ ಕರಗಿಸಿ, ತಾಳೆಗರಿಯಲ್ಲಿ ಹೊಳಪು ಕೊಟ್ಟ ಗೊಂಬೆಗೆ ಅಂಥ ಅವಸರವಿಲ್ಲ. ಅದು ಕಪಾಟಿನಲ್ಲಿ ವರ್ಷ ಕಾದರೂ ಹಾಳಾಗುವುದಿಲ್ಲ.

ಮೊಬೈಲಿನಲ್ಲಿ ಕರಕುಶಲ ವಸ್ತು ಮಾರುವವರು ಈ ಭೇದವನ್ನೇ ಮರೆಯುತ್ತಿದ್ದಾರೆ. ನಾಣ್ಯ, ಅಂಚೆಚೀಟಿ ಸಂಗ್ರಹಿಸುವವರ ವಾಟ್ಸಾಪ್ ಗುಂಪುಗಳಲ್ಲಿ ನಡೆಯುವ ಹರಾಜು ಈಗ ಕೈಕುಸುರಿಗೂ ಹಬ್ಬಿದೆ. ಇನ್‌ಸ್ಟಾಗ್ರಾಮಿನಲ್ಲಿ ಒಂದು ಫೋಟೊ, ಕೆಳಗೆ ‘ಕಮೆಂಟಿನಲ್ಲಿ ಬಿಡ್ ಹಾಕಿ, ರಾತ್ರಿ ಒಂಬತ್ತಕ್ಕೆ ಕ್ಲೋಸ್’ ಎಂಬ ಸಾಲು. ಬೆಲೆ ಎಷ್ಟಿಡಬೇಕೆಂದು ತಿಳಿಯದಾಗ ಕೊಳ್ಳುವವರೇ ಹೇಳಲಿ ಎನ್ನುವುದು ಸುಲಭ. ಆದರೆ ಹರಾಜು ವಸ್ತುವಿನ ಬೆಲೆಯನ್ನು ಅಳೆಯುವುದಿಲ್ಲ, ಅಂದು ಅಲ್ಲಿ ಎಷ್ಟು ಜನ ಸೇರಿದ್ದರು ಎಂಬುದನ್ನು ಅಳೆಯುತ್ತದೆ.

ಒಂದು ಬಿದ್ರಿ ಹೂಜಿಯನ್ನೇ ತೆಗೆದುಕೊಳ್ಳಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯಬೇಕು. ಗೆರೆ ಕಣ್ಣಿಗೆ ಕಾಣಲೆಂದು ಮೈಲುತುತ್ತ ಸವರಿ ಮೈ ಕಪ್ಪು ಮಾಡಿಕೊಳ್ಳಬೇಕು. ಚಿಕ್ಕ ಉಳಿಯಿಂದ ಬಳ್ಳಿ, ಎಲೆ, ಹೂವು ಕೊರೆದು, ಆ ಸಂದಿಗಳಿಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಬೇಕು. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿ ಹೂಜಿಗೆ ಉಜ್ಜಿದಾಗ ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇಷ್ಟಕ್ಕೆ 12 ದಿನ ಹಿಡಿಯಿತು, ದಿನದ ದುಡಿಮೆ 1,000 ರೂಪಾಯಿ ಎಂದಿಟ್ಟುಕೊಳ್ಳೋಣ. ಬೆಳ್ಳಿ ಮತ್ತು ಎರಕಕ್ಕೆ 4,000, ಪ್ಯಾಕಿಂಗ್, ಕೊರಿಯರ್, ಕಮಿಷನ್ ಸೇರಿ 2,000. ಅಸಲೇ 18,000 ರೂಪಾಯಿ ಆಯಿತು.

ಇದನ್ನು ಹರಾಜಿಗಿಟ್ಟ ರಾತ್ರಿ ಇಬ್ಬರು ಬಂದರು ಅನ್ನಿ. ಒಬ್ಬರಿಗೆ ಹೂಜಿ ಎಷ್ಟು ಹಿಡಿಸಿದೆಯೆಂದರೆ 40,000 ಕೊಡಲೂ ಸಿದ್ಧ. ಇನ್ನೊಬ್ಬರು 9,000ಕ್ಕೇ ಸುಮ್ಮನಾಗುತ್ತಾರೆ. ಹೂಜಿ ಹೋಗುವುದು ಒಂಬತ್ತು ಸಾವಿರ ಚಿಲ್ಲರೆಗೆ. ಸವಾಲಿನಲ್ಲಿ ಬೆಲೆ ಕಟ್ಟುವವರು ಗೆದ್ದವರಲ್ಲ, ಅವರ ಹಿಂದೆಯೇ ನಿಂತು ಸೋತವರು. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಎರಡನೇ ಬೆಲೆಯ ಹರಾಜಿನ ಲೆಕ್ಕವನ್ನು ಬಿಡಿಸಿಟ್ಟರು, 1996ರಲ್ಲಿ ಅವರಿಗೆ ನೊಬೆಲ್ ಬಂತು. ಇಬೇ ಜಾಲತಾಣದ ಹರಾಜು ನಡೆಯುವುದೂ ಹೆಚ್ಚುಕಡಿಮೆ ಇದೇ ಸೂತ್ರದ ಮೇಲೆ. ಕೊಳ್ಳುವವರು ತಮ್ಮ ಗರಿಷ್ಠ ಮೊತ್ತ ಹೇಳಿಟ್ಟರೆ ಸಾಕು, ಯಂತ್ರ ಅವರ ಬಿಡ್ಡನ್ನು ಎರಡನೆಯವರಿಗಿಂತ ಒಂದು ಮೆಟ್ಟಿಲು ಮೇಲೆ ಇಟ್ಟು ನಿಲ್ಲುತ್ತದೆ. 40,000ದ ಆಸೆಯಿದ್ದವರು ಅಷ್ಟನ್ನು ಕೊಡಬೇಕಾದರೆ 39,000ದವರೊಬ್ಬರು ಎದುರಿಗೆ ಇರಲೇಬೇಕು.

ಇಬೇ ಹುಟ್ಟಿದ್ದೇ ಹರಾಜಿನಿಂದ. 1995ರಲ್ಲಿ ಪಿಯರ್ ಒಮಿಡ್ಯಾರ್ ‘ಆಕ್ಷನ್‌ವೆಬ್’ ಶುರುಮಾಡಿದಾಗ ಮಾರಾಟವಾದ ಮೊದಲ ವಸ್ತು ಕೆಟ್ಟುಹೋದ ಲೇಸರ್ ಪಾಯಿಂಟರ್, ಬಂದ ಹಣ 14.83 ಡಾಲರ್. ಇದು ಕೆಟ್ಟಿದೆ, ಗೊತ್ತಲ್ಲ ಎಂದು ಒಮಿಡ್ಯಾರ್ ವಿಚಾರಿಸಿದರೆ, ಕೆಟ್ಟ ಲೇಸರ್ ಪಾಯಿಂಟರುಗಳನ್ನು ಸಂಗ್ರಹಿಸುವುದೇ ತನ್ನ ಹವ್ಯಾಸ ಎಂದು ಕೊಂಡಾತ ಉತ್ತರಿಸಿದನಂತೆ. ಅಂಥ ಸಂಗ್ರಾಹಕರನ್ನು ಮೂಲೆಮೂಲೆಯಿಂದ ಒಂದೆಡೆ ಸೇರಿಸಿದ್ದೇ ಆ ತಾಣದ ಜಾದೂ. ಆದರೆ 2000ದಲ್ಲಿ ಅಲ್ಲಿಯೇ ‘ಬೈ ಇಟ್ ನೌ’ ಗುಂಡಿ ಬಂತು, ಹತ್ತು ವರ್ಷ ಕಳೆಯುವಷ್ಟರಲ್ಲಿ ನಿಗದಿ ಬೆಲೆಯ ವ್ಯಾಪಾರ ಹರಾಜನ್ನು ಹಿಂದಿಕ್ಕಿತು. ಅದೇ ಮಾರಾಟಗಾರ ಅದೇ ವಸ್ತುವನ್ನು ಎರಡೂ ಬಗೆಯಲ್ಲಿ ಮಾರಿದ ಉದಾಹರಣೆಗಳನ್ನು ಆಯ್ದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹರಾಜಿನಲ್ಲಿ ಸಿಗುವ ಹಣ ಸಾಮಾನ್ಯವಾಗಿ ಕಡಿಮೆ. ಕೊಳ್ಳುವವರಿಗೆ ಹರಾಜಿನ ಮೋಜು ಇಳಿದು, ಬೇಕಾದ್ದನ್ನು ಈಗಲೇ ಕೊಂಡು ಮುಗಿಸುವ ಅನುಕೂಲ ಮುಖ್ಯವಾಯಿತು. ಹರಾಜಿನಲ್ಲಿ ಉಳಿದುಕೊಂಡದ್ದು ಹಳೆಯ, ಜೋಡಿಯಿಲ್ಲದ, ಹೋಲಿಸಿ ನೋಡಲು ಇನ್ನೊಂದು ಸಿಗದ ವಸ್ತುಗಳು.

ಕೈಯಿಂದ ಮಾಡಿದ ವಸ್ತುಗಳಿಗೆಂದೇ 2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಎಟ್ಸಿ ನಿಗದಿ ಬೆಲೆಯ ಅಂಗಡಿಯಾಗಿಯೇ ಬೆಳೆಯಿತು. ಭಾರತದ ಹರಾಜು ತಾಣ ಬಾಝೀ ಡಾಟ್ ಕಾಮ್ ಅನ್ನು ಇಬೇ 2004ರಲ್ಲಿ ಕೊಂಡಿತು, 2018ರಲ್ಲಿ ಇಬೇಯ ಇಲ್ಲಿನ ತಾಣಕ್ಕೆ ಬೀಗ ಬಿತ್ತು. ಈಗ ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಲ್ಲಿ ಕುಶಲಕರ್ಮಿಗಳಿಗೆಂದು ಇರುವ ವಿಭಾಗಗಳೂ ನಿಗದಿ ಬೆಲೆಯವೇ.

ಹಾಗೆಂದು ಬೆಲೆಚೀಟಿ ತಪ್ಪೇ ಮಾಡುವುದಿಲ್ಲ ಎಂದಲ್ಲ. 2013ರ ಅಕ್ಟೋಬರ್‌ನಲ್ಲಿ ಬೀದಿ ಚಿತ್ರಕಾರ ಬ್ಯಾಂಕ್ಸಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬಳಿ ಮುದುಕನೊಬ್ಬನನ್ನು ಕೂರಿಸಿ, ತನ್ನ ಅಸಲಿ ಚಿತ್ರಗಳನ್ನು ಹೆಸರು ಹೇಳದೆ 60 ಡಾಲರಿನಂತೆ ಮಾರಲು ಇಟ್ಟರು. ಗಂಟೆಗಟ್ಟಲೆ ಯಾರೂ ತಿರುಗಿ ನೋಡಲಿಲ್ಲ. ಮೊದಲು ಬಂದ ಹೆಂಗಸು ಚೌಕಾಸಿ ಮಾಡಿ ಅರ್ಧ ಬೆಲೆಗೆ ಎರಡು ಕೊಂಡೊಯ್ದಳು. ದಿನದ ಸಂಪಾದನೆ ಒಟ್ಟು 420 ಡಾಲರ್. ಮರುವರ್ಷ ಆ ಮಳಿಗೆಯ ಎರಡು ಚಿತ್ರಗಳು ಲಂಡನ್ನಿನ ಬಾನ್ಹಮ್ಸ್ ಹರಾಜಿನಲ್ಲಿ ಒಂದೂಕಾಲು ಲಕ್ಷ ಪೌಂಡ್ ಆಸುಪಾಸಿಗೆ ಹೋದವು. ನೋಡಿ, ಹರಾಜಿನ ಶಕ್ತಿ ಎನ್ನುವವರಿದ್ದಾರೆ. ಆದರೆ ಅದೇ ಫುಟ್‌ಪಾತಿನಲ್ಲಿ ಅಂದು ಹರಾಜು ಕೂಗಿದ್ದರೆ 60 ಡಾಲರೂ ಹುಟ್ಟುತ್ತಿರಲಿಲ್ಲ. ಲಂಡನ್ನಿನಲ್ಲಿ ದುಡ್ಡು ತಂದದ್ದು ಹೆಸರು ಮತ್ತು ಆ ಹೆಸರಿಗೆ ಕಾದು ಕುಳಿತ ಜನ.

ಜನ ಸೇರಿದಲ್ಲಿ ಹರಾಜು ಏನು ಮಾಡಬಲ್ಲದು ಎಂಬುದಕ್ಕೆ ಹೈದರಾಬಾದಿನ ಬಾಲಾಪುರ ಗಣೇಶನ ಲಡ್ಡು ಸಾಕ್ಷಿ. 1994ರಲ್ಲಿ 450 ರೂಪಾಯಿಗೆ ಹೋದದ್ದು 2024ರಲ್ಲಿ 30 ಲಕ್ಷದ 1 ಸಾವಿರಕ್ಕೆ ಹೋಯಿತು. ಕಡಲೆಹಿಟ್ಟು, ಸಕ್ಕರೆ, ತುಪ್ಪದ ಲೆಕ್ಕಕ್ಕೆ ಇದು ಸಿಗುವುದಿಲ್ಲ. ಭಕ್ತಿಯ ಜೊತೆಗೆ ಊರೆದುರು ಗೆದ್ದ ಗೌರವವೂ ಅದರಲ್ಲಿದೆ. ಪ್ರಧಾನಿಗೆ ಬಂದ ಉಡುಗೊರೆಗಳನ್ನು ಕೇಂದ್ರ ಸರ್ಕಾರ 2019ರಿಂದ ಆನ್‌ಲೈನ್ ಹರಾಜಿಗಿಡುತ್ತಿದೆ. ಅದರಲ್ಲಿ ನೀರಜ್ ಚೋಪ್ರಾ ಅವರ ಜಾವೆಲಿನ್ 2021ರಲ್ಲಿ ಒಂದೂವರೆ ಕೋಟಿ ರೂಪಾಯಿಗೆ ಹೋಯಿತು. ಎರಡೂ ಕಡೆ ವಸ್ತು ಒಂದೇ ಒಂದು, ಬೇಕೆನ್ನುವವರು ಹಲವರು, ಮಾರುವವರು ಆ ದುಡ್ಡನ್ನೇ ನಂಬಿ ಕುಳಿತವರಲ್ಲ. ಈ ಮೂರರಲ್ಲಿ ಮೂರನೆಯದು ಬಾಡಿಗೆ, ಸಾಲದ ಕಂತು ಕಟ್ಟಬೇಕಾದ ಕುಶಲಕರ್ಮಿಗೆ ಇರುವುದೇ ಇಲ್ಲ.

ಕಮೆಂಟ್ ಹರಾಜಿನಲ್ಲಿ ಇನ್ನೂ ಎರಡು ಕಾಟಗಳಿವೆ. ಒಂದು, ಠೇವಣಿ ಇಲ್ಲದ್ದರಿಂದ ರಾತ್ರಿ ಬಿಡ್ ಹಾಕಿದವರು ಬೆಳಿಗ್ಗೆ ಫೋನ್ ಎತ್ತುವುದಿಲ್ಲ. ಇನ್ನೊಂದು, ಕಳ್ಳ ಬಿಡ್. 2000ದಲ್ಲಿ ಅಮೆರಿಕದ ಸ್ಯಾಕ್ರಮೆಂಟೊದ ವಕೀಲನೊಬ್ಬ ಇಬೇಯಲ್ಲಿ ಇಟ್ಟ ಅಮೂರ್ತ ಚಿತ್ರವೊಂದು ಖ್ಯಾತ ಕಲಾವಿದರದ್ದೆಂಬ ಅನುಮಾನಕ್ಕೆ 1,35,805 ಡಾಲರ್ ತನಕ ಏರಿತು. ಮಾರುತ್ತಿದ್ದವನೇ ಬೇರೆ ಖಾತೆಯಿಂದ ಬಿಡ್ ಹಾಕಿದ್ದು ಬಯಲಾಗಿ ಮಾರಾಟ ರದ್ದಾಯಿತು, ಆತ ಮುಂದೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ.

ಇವೆರಡನ್ನೂ ಮೀರಿದ ನಷ್ಟ ಮೆಲ್ಲಗೆ ಬರುತ್ತದೆ. 9,000ಕ್ಕೆ ಮುಗಿದ ಹರಾಜಿನ ಅಂಕಿ ಎಲ್ಲರ ಕಣ್ಣೆದುರು ಉಳಿಯುತ್ತದೆ. ಮುಂದಿನ ತಿಂಗಳು ಅಂಥದೇ ಹೂಜಿಗೆ 22,000 ಎಂದರೆ ‘ಮೊನ್ನೆ ಒಂಬತ್ತಕ್ಕೆ ಕೊಟ್ಟಿದ್ದೀರಲ್ಲ’ ಎಂಬ ಸ್ಕ್ರೀನ್‌ಶಾಟ್ ಬಂದು ಕೂರುತ್ತದೆ. ಬೆಲೆಚೀಟಿಯ ತಪ್ಪನ್ನು ತಿದ್ದಿಕೊಳ್ಳಬಹುದು. ಹಾಕಿದ ಗಂಟೆಯೊಳಗೆ ಮಾರಿಹೋದರೆ ಮುಂದಿನದಕ್ಕೆ ಏರಿಸಬೇಕು, ಆರು ತಿಂಗಳು ಅಲುಗದಿದ್ದರೆ ಫೋಟೊವನ್ನೋ ಅಳತೆಯನ್ನೋ ಬೆಲೆಯನ್ನೋ ಬದಲಿಸಬೇಕು. ಬೆಳ್ಳಿ ದರ ಏರಿದಾಗ ಚೀಟಿಯೂ ಏರಲೇಬೇಕು.

ಹಾಗಾದರೆ ಹರಾಜು ಬೇಡವೇ? ಬೇಕು, ಅಪರೂಪಕ್ಕೆ. ಅದಕ್ಕೊಂದು ನ್ಯಾಯದ ಕಾರಣವೂ ಇದೆ. ಚಿತ್ರ, ಶಿಲ್ಪ, ರೇಖಾಚಿತ್ರ, ಮೂಲ ಹಸ್ತಪ್ರತಿ ಮರುಮಾರಾಟವಾಗಿ 10,000 ರೂಪಾಯಿ ದಾಟಿದರೆ ಕರ್ತೃವಿಗೆ ಗರಿಷ್ಠ ಶೇ 10ರಷ್ಟು ಪಾಲು ಕೊಡುವ ಅವಕಾಶ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಲ್ಲಿದೆ. ಕರಕುಶಲ ವಸ್ತುವಿನ ಹೆಸರು ಆ ಪಟ್ಟಿಯಲ್ಲಿಲ್ಲ. ಬಿದ್ರಿಯ ಮೇರುಕೃತಿಯೊಂದು ನಾಳೆ ಹತ್ತು ಪಟ್ಟು ಬೆಲೆಗೆ ಕೈ ಬದಲಿಸಿದರೂ ಮಾಡಿದವರಿಗೆ ಚಿಕ್ಕಾಸಿಲ್ಲ. ಸಿಗುವುದೆಲ್ಲ ಮೊದಲ ಮಾರಾಟದಲ್ಲೇ ಸಿಗಬೇಕು.

ಇಲ್ಲಿ ರಾಜ್ಯ ಸರ್ಕಾರ ಮಾಡಬಹುದಾದ ಕೆಲಸವೊಂದಿದೆ. ‘ಕಾವೇರಿ’ ಮಳಿಗೆಗಳನ್ನು ನಡೆಸುವ ಕರಕುಶಲ ಅಭಿವೃದ್ಧಿ ನಿಗಮ ವರ್ಷಕ್ಕೊಮ್ಮೆ, ಪ್ರಶಸ್ತಿ ಮಟ್ಟದ ಬೆರಳೆಣಿಕೆಯ ಕೃತಿಗಳಿಗೆ ಮಾತ್ರ ಆನ್‌ಲೈನ್ ಹರಾಜು ಏರ್ಪಡಿಸಲಿ. ಬೀದರಿನ ಬಿದ್ರಿ, ಕಿನ್ನಾಳದ ಮೂರ್ತಿ, ಮೈಸೂರಿನ ಗಂಜೀಫಾ ಎಲೆಗಳು ಅದರಲ್ಲಿರಲಿ. ಬಿಡ್ ಹಾಕುವವರು ಮೊದಲೇ ಠೇವಣಿ ಇಡಲಿ. ಕನಿಷ್ಠ ಬೆಲೆಯೊಂದಿರಲಿ, ಅದನ್ನು ಕುಶಲಕರ್ಮಿಯೇ ಹೇಳಲಿ. ಕೊನೆಯ ಹತ್ತು ನಿಮಿಷದಲ್ಲಿ ಹೊಸ ಬಿಡ್ ಬಂದರೆ ಇನ್ನೂ ಹತ್ತು ನಿಮಿಷ ಮುಂದುವರಿಯಲಿ. ಕೊನೆಯ ಸೆಕೆಂಡಿಗೆ ಹೊಂಚುಹಾಕಿ ಕೂರುವವರ ಆಟ ತಪ್ಪಿಸಲು ಅಮೆಜಾನ್ ತನ್ನ ಹಳೆಯ ಹರಾಜುಗಳಲ್ಲಿ ಇಟ್ಟಿದ್ದ ನಿಯಮ ಇದು. ಕನಿಷ್ಠ ಬೆಲೆ ಹುಟ್ಟದ ಕೃತಿ ಮಾಡಿದವರ ಕೈಗೇ ಮರಳಲಿ. ಉಳಿದ ದಿನಗಳಲ್ಲಿ ಮಳಿಗೆಯ ಕಪಾಟಿನ ಚೀಟಿಗಳು ಇದ್ದಲ್ಲೇ ಇರಲಿ, ಅಂಕಿಯ ಪಕ್ಕದಲ್ಲಿ ಮಾಡಿದವರ ಹೆಸರು ಮತ್ತು ಹಿಡಿದ ದಿನಗಳ ಲೆಕ್ಕವೂ ಸೇರಲಿ.