ಬೈಲಿಗೆ ಬರುವ ನೆಂಟರು



ಕಳೆದ ಅಕ್ಟೋಬರಿನ ಒಂದು ಬೆಳಿಗ್ಗೆ ಪೂಜೆಗೆ ಬಂದವರು ಇಗರ್ಜಿಯ ಜಗಲಿಯಲ್ಲಿ ಗುಂಪುಗೂಡಿ ನಿಂತಿದ್ದರು. ನಡುವೆ ಒಂದು ಪುಟ್ಟ ಹಕ್ಕಿ. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಬಾಲದಡಿ ಕೆಂಪು, ಕಣ್ಣಿಗೆ ಕಪ್ಪು ಪಟ್ಟಿ. ಹಾರಲು ತ್ರಾಣವಿಲ್ಲದೆ ಗೋಡೆಗೆ ಒರಗಿ ಕುಳಿತಿತ್ತು. "ಯಾರದ್ದೋ ಗೂಡಿನಿಂದ ತಪ್ಪಿಸಿಕೊಂಡದ್ದು ಫಾದರ್" ಎಂದರು ಒಬ್ಬರು. ಏಳನೇ ತರಗತಿಯ ಹುಡುಗಿಯೊಬ್ಬಳು ಮುಂದೆ ಬಂದು, "ಅಲ್ಲ ಫಾದರ್, ಇದು ನವರಂಗ. ಉತ್ತರದಿಂದ ಹಾರಿ ಬಂದು ಸುಸ್ತಾಗಿದೆ" ಎಂದಳು.

ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಅದನ್ನು ಕತ್ತಲಲ್ಲಿ ಇಟ್ಟೆವು. ಸಂಜೆ ಮುಚ್ಚಳ ತೆಗೆದದ್ದೇ ತಡ, ಗೇರುಮರಗಳ ಎಡೆಗೆ ಹಾರಿಹೋಯಿತು. ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರವೆಂದು ವರ್ಷಗಟ್ಟಲೆ ಓದಿದ ನನಗೆ, ನನ್ನದೇ ಜಗಲಿಗೆ ಬಂದ ಅತಿಥಿಯ ಹೆಸರು ಗೊತ್ತಿರಲಿಲ್ಲ! ಹಿಮಾಲಯದ ತಪ್ಪಲಿನಲ್ಲೂ ಮಧ್ಯ ಭಾರತದ ಕಾಡುಗಳಲ್ಲೂ ಮರಿ ಮಾಡಿ, ಮಳೆಗಾಲ ಮುಗಿಯುವಾಗ ರಾತ್ರಿಯಿಡೀ ಹಾರುತ್ತಾ ದಕ್ಷಿಣಕ್ಕೆ ಬರುವ ಹಕ್ಕಿ ಅದು ಎಂದು ಆಮೇಲೆ ತಿಳಿಯಿತು.

ಮಕ್ಕಳು ಬಿಡಲಿಲ್ಲ. ನವೆಂಬರಿನ ಒಂದು ಶನಿವಾರ ನಸುಕಿಗೇ ಹಕ್ಕಿ ನೋಡಲು ಹೊರಟೆವು. ಹನ್ನೊಂದು ಮಕ್ಕಳು, ಒಬ್ಬರು ವಿಜ್ಞಾನದ ಟೀಚರ್, ಎರಡು ದುರ್ಬೀನು, ಬುತ್ತಿಯಲ್ಲಿ ಇಡ್ಲಿ.

ಮೊದಲು ಕುಂಬಳೆ ಬಳಿಯ ಕಿದೂರು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಹಕ್ಕಿಗಳಿಗೆ ಹೆಸರಾದ ಊರು. ಮುರಕಲ್ಲಿನ ಪಾರೆಯ ಮೇಲೆ ಬಿಸಿಲು ಏರುವ ಮೊದಲೇ ತಂತಿಯ ಮೇಲೆ ನೀಲಿ ಬಾಲದ ಕಳ್ಳಿಪೀರಗಳು ಸಾಲಾಗಿ ಕುಳಿತಿದ್ದವು. ಮರದ ತುದಿಯಲ್ಲಿ ಹೊನ್ನಕ್ಕಿ, ನೀರಿನ ಅಂಚಿನಲ್ಲಿ ಬಾಲ ಕುಣಿಸುವ ಸಿಪಿಲೆ. ಎಲ್ಲವೂ ಚಳಿಗಾಲಕ್ಕೆಂದು ಬಂದವು.

ಅಲ್ಲಿಂದ ಶಿರಿಯ ಹೊಳೆಯ ಅಳಿವೆಗೆ. ಮರಳ ದಿಬ್ಬದಲ್ಲಿ ಕಂದು ತಲೆಯ ಕಡಲಕ್ಕಿಗಳು ಗಾಳಿಗೆ ಮುಖವೊಡ್ಡಿ ನಿಂತಿದ್ದವು. ಲಡಾಖ್, ಟಿಬೆಟಿನಂಥ ಎತ್ತರದ ನಾಡಿನ ಸರೋವರಗಳಲ್ಲಿ ಮರಿ ಮಾಡುವ ಹಕ್ಕಿಗಳಿವು. ಆ ನೀರು ಹೆಪ್ಪುಗಟ್ಟುವ ಮೊದಲು ನಮ್ಮ ಕಡಲಿಗೆ ಇಳಿಯುತ್ತವೆ. ಮೇಲೆ ಒಂದು ಬಿಳಿ ಹೊಟ್ಟೆಯ ಕಡಲ ಹದ್ದು ಸುತ್ತುತ್ತಿತ್ತು. ಅದು ವಲಸಿಗನಲ್ಲ, ನಮ್ಮೂರಿನದೇ. 2023ರಲ್ಲಿ ಕಾಸರಗೋಡಿನ ಜಿಲ್ಲಾ ಹಕ್ಕಿಯೆಂದು ಘೋಷಿಸಿದ್ದು ಇದನ್ನೇ. ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು, "ಈ ಹಕ್ಕಿಗಳು ಬಂದವೆಂದರೆ ಇನ್ನು ಜೋರು ಮಳೆ ಇಲ್ಲವೆಂದು ನಮ್ಮ ಲೆಕ್ಕ" ಎಂದರು. ಹಕ್ಕಿಗಳು ತಮ್ಮ ಬರುವ ಹೋಗುವ ಕಾಲವನ್ನು ತಪ್ಪದೆ ಅರಿತಿವೆ ಎಂದು ಪ್ರವಾದಿ ಯೆರೆಮೀಯನೂ ಗಮನಿಸಿದ್ದ. ಆತನಿಗೂ ಇಂಥ ಗೆಳೆಯರು ಇದ್ದಿರಬೇಕು.

ಊಟದ ಹೊತ್ತಿಗೆ ಟೀಚರ್ ನಾಗಾಲ್ಯಾಂಡಿನ ಸಂಗತಿ ಹೇಳಿದರು. ಅಮುರ್ ಫಾಲ್ಕನ್ ಎಂಬ ಪುಟ್ಟ ಬೇಟೆಹಕ್ಕಿ ಸೈಬೀರಿಯಾ, ಚೀನಾಗಳ ಕಡೆಯಿಂದ ಹೊರಟು, ಭಾರತವನ್ನೂ ಅರಬಿ ಸಮುದ್ರವನ್ನೂ ದಾಟಿ ಆಫ್ರಿಕಾಕ್ಕೆ ಹೋಗುತ್ತದೆ. ದಾರಿಯಲ್ಲಿ ದೋಯಾಂಗ್ ಜಲಾಶಯದ ಬಳಿ ತಂಗುತ್ತದೆ. 2012ರಲ್ಲಿ ಅಲ್ಲಿ ಮಾಂಸಕ್ಕಾಗಿ ದಿನವೂ ಸಾವಿರಾರು ಹಕ್ಕಿಗಳು ಬಲೆಗೆ ಬೀಳುತ್ತಿದ್ದುದು ಬೆಳಕಿಗೆ ಬಂತು. ಊರ ಸಭೆಗಳು, ಚರ್ಚುಗಳು, ಅರಣ್ಯ ಇಲಾಖೆ ಒಟ್ಟಾಗಿ ಜನರೊಡನೆ ಮಾತಾಡಿದವು. 2013ರ ಹಂಗಾಮಿಗೆ ಬಲೆಗಳು ಕೆಳಗಿಳಿದವು. ಹಿಡಿಯುತ್ತಿದ್ದವರೇ ಕಾವಲಿಗೆ ನಿಂತರು. ಒಂದೇ ವರ್ಷದಲ್ಲಿ!

ಈಗ ನನ್ನ ಕಥೆ. ಇಗರ್ಜಿಯ ಕೆಳಗೆ ಬೈಲಿನ ಒಂದು ಮೂಲೆ ನಮ್ಮದು. ಬೇಸಾಯ ಬಿಟ್ಟು ವರ್ಷಗಳಾದವು, ಆದರೂ ಜನವರಿಯವರೆಗೆ ನೀರು ನಿಲ್ಲುತ್ತದೆ. ವಾರ್ಷಿಕ ಹಬ್ಬಕ್ಕೆ ವಾಹನ ನಿಲ್ಲಿಸಲು ಜಾಗ ಸಾಲದೆಂದು ಅದಕ್ಕೆ ಮಣ್ಣು ತುಂಬಿಸುವ ಮಾತು ನಡೆದಿತ್ತು. ಗದ್ದೆ ಮುಚ್ಚುವುದನ್ನು ತಡೆಯುವ ಕಾಯಿದೆ ಕೇರಳದಲ್ಲಿ 2008ರಿಂದ ಇದೆ. ಆದರೆ ಕಾಗದದಲ್ಲಿ ಆ ಮೂಲೆ ಹಿತ್ತಿಲು ಎಂದಿದೆ, ತೊಂದರೆಯಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. "ಮಣ್ಣು ತರಿಸಿ" ಎಂದವನೂ ನಾನೇ.

ಸಂಜೆ ಮರಳಿ ಬಂದಾಗ ಅದೇ ಹುಡುಗಿ, "ಇಲ್ಲೂ ನೋಡುವ ಫಾದರ್" ಎಂದಳು. ದುರ್ಬೀನು ಹಿಡಿದರೆ ಕೆಸರೇ ನಡೆದಾಡುತ್ತಿತ್ತು! ಹದಿನಾಲ್ಕು ಗದ್ದೆಗೊರವಗಳು. ದೂರದ ಉತ್ತರದ ಜೌಗುನೆಲದಲ್ಲಿ ಮರಿ ಮಾಡುವ ಈ ಹಕ್ಕಿಯ ತೂಕ ಹೆಚ್ಚುಕಡಿಮೆ ಒಂದು ಕೋಳಿಮೊಟ್ಟೆಯಷ್ಟು. ಹೊರಡುವ ಮೊದಲು ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅದರ ದಾರಿಬುತ್ತಿ. ಇಳಿದ ಮೇಲೆ ಕೆಸರಿನ ಹುಳುಹುಪ್ಪಟೆಯೇ ಊಟ. ಕಾಲಿಗೆ ಉಂಗುರ ತೊಡಿಸಿ ನೋಡಿದವರು ಹೇಳುವಂತೆ, ಇಂಥ ನೀರಹಕ್ಕಿಗಳಲ್ಲಿ ಹಲವು ಒಮ್ಮೆ ಒಗ್ಗಿದ ಜಾಗಕ್ಕೇ ವರ್ಷ ವರ್ಷ ಮರಳುತ್ತವೆ.

ಬೇಲಿಯ ಬದಿಯಲ್ಲಿ ಸುರಿದಿದ್ದ ಎರಡು ಲೋಡು ಕೆಂಪು ಮಣ್ಣನ್ನು ನೋಡಿ ಅವಳು ಕೇಳಿದಳು: "ಮುಂದಿನ ವರ್ಷ ಇವು ಎಲ್ಲಿ ಇಳಿಯುತ್ತವೆ ಫಾದರ್?"

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಎಷ್ಟೋ ಮನೆಗಳ ಮಕ್ಕಳು ಗಲ್ಫಿನಲ್ಲಿದ್ದಾರೆ. ಮಗ ರಜೆಗೆ ಬರುತ್ತಾನೆಂದರೆ ತಾಯಿ ಹದಿನೈದು ದಿನ ಮೊದಲೇ ಕೋಣೆ ಗುಡಿಸಿ ಚಾದರ ಒಗೆದಿಡುತ್ತಾಳೆ. ಅವನು ಬಂದು ನೋಡುವಾಗ ಮನೆಯೇ ಇಲ್ಲದಿದ್ದರೆ?

ಆ ಸೋಮವಾರವೇ ಮೂರನೇ ಲೋಡು ಬೇಡವೆಂದು ಫೋನು ಮಾಡಿದೆ. ಪಾಲನಾ ಪರಿಷತ್ತಿನ ಸಭೆಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಕೆಲವರು ನಕ್ಕರು. "ಹಬ್ಬದ ದಿನ ಪೋಲೀಸರು ಗಾಡಿಗಳಿಗೆ ದಂಡ ಹಾಕಿದರೆ ಹಕ್ಕಿ ಕಟ್ಟುತ್ತದೆಯೇ ಫಾದರ್?" ಎಂದು ಗುರಿಕಾರರೊಬ್ಬರು ಕೇಳಿದ್ದೂ ನ್ಯಾಯವೇ. ಕೊನೆಗೆ ಈ ವರ್ಷದ ಮಟ್ಟಿಗೆ ಶಾಲೆಯ ಮೈದಾನದಲ್ಲಿ ವಾಹನ ನಿಲ್ಲಿಸುವುದೆಂದಾಯಿತು. ಹತ್ತು ನಿಮಿಷ ನಡೆಯಬೇಕು. ವಯಸ್ಸಾದವರನ್ನು ಕರೆತರಲು ಯುವಕರು ಎರಡು ರಿಕ್ಷಾ ಗೊತ್ತುಮಾಡಿದ್ದಾರೆ. ಮುಂದಿನ ವರ್ಷದ ಮಾತು ಇನ್ನೂ ಬಾಕಿ ಇದೆ. ತೀರ್ಮಾನ ನಿಮ್ಮೆಲ್ಲರದು.

ತೀರ್ಮಾನಿಸುವ ಮೊದಲು ಒಂದು ಕೆಲಸ ಮಾಡಿ. ನೀರು ಆರುವುದರೊಳಗೆ ಒಂದು ಸಂಜೆ ಐದು ಗಂಟೆಗೆ ಮಕ್ಕಳ ಕೈ ಹಿಡಿದು ಆ ಬೈಲಿನ ಅಂಚಿಗೆ ಬನ್ನಿ. ದುರ್ಬೀನು ನನ್ನ ಕೋಣೆಯಲ್ಲಿದೆ, ಕೇಳಿ ಪಡೆಯಿರಿ. ಸದ್ದು ಮಾಡದೆ ಅರ್ಧ ಗಂಟೆ ನಿಲ್ಲಿ. ಆಮೇಲೆ ಸಭೆಗೆ ಬಂದು ಮಾತಾಡಿ. ಏನಂತೀರಿ?