ಕಿಡಿಯೋ, ಇಂಧನವೋ? : ಗಾಡಿಯ ರೋಗನಿದಾನ



ಹಿಂದಕ್ಕೆ ಗೃಹಸ್ಥನ ಸಂಪತ್ತಿನಲ್ಲಿ ಎತ್ತು, ಎಮ್ಮೆ, ಬಂಡಿಗಳು ಮುಖ್ಯವಾಗಿದ್ದವು. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಮನೆಯವರೆಲ್ಲರೂ ಕೊಟ್ಟಿಗೆಗೆ ಬರುತ್ತಿದ್ದರು. ಮೂಗು ಒಣಗಿರುವದೋ, ಹೊಟ್ಟೆ ಉಬ್ಬಿರುವದೋ ಎಂದು ನೋಡಿದ ಮೇಲೆಯೇ ಔಷಧದ ಮಾತು. ಈಗ ನಮ್ಮ ಚೌಡಾಪುರದಲ್ಲಿ ಅನೇಕರ ಮನೆಯ ಮುಂದೆ ಎತ್ತಿನ ಸ್ಥಾನದಲ್ಲಿ ಸಾಮಾನು ಸಾಗಿಸುವ ಗಾಡಿಯು ನಿಂತಿರುತ್ತದೆ. ಕಲಬುರ್ಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯ ಮೇಲಿರುವ ಊರು ಇದು. ಗಾಣಗಾಪುರದ ಯಾತ್ರಿಕರು ಇಲ್ಲಿಯೇ ತಿರುಗಬೇಕು. ತೊಗರಿ, ಕಬ್ಬು, ಕಾಯಿಪಲ್ಯ, ತೆಂಗಿನಕಾಯಿ ಎಲ್ಲವೂ ಗಾಡಿಯ ಮೇಲೆಯೇ ಹೋಗತಕ್ಕವು. ಆದರೆ ಗಾಡಿ ಕುಂಟಿದಾಗ ಲಕ್ಷಣವನ್ನು ನೋಡುವ ತಾಳ್ಮೆ ನಮ್ಮಲ್ಲಿ ಉಳಿದಿಲ್ಲ. ಹೊಸ ಭಾಗವನ್ನು ಕೊಂಡು ತರುವದೇ ಚಿಕಿತ್ಸೆಯೆಂದು ತಿಳಿದಿದ್ದೇವೆ. ಆದುದರಿಂದ ಈ ತಿಂಗಳು ಗಾಡಿಯ ಎರಡು ಅಂಗಗಳ ವಿಷಯವಾಗಿ ನಾಲ್ಕು ಮಾತು ಬರೆಯುವೆನು. ಒಂದು, ಕಿಡಿಯನ್ನು ಕೊಡುವ ಇಗ್ನಿಶನ್ ಕಾಯಿಲ್. ಇನ್ನೊಂದು, ಇಂಧನವನ್ನು ಸಿಂಪಡಿಸುವ ಇಂಜೆಕ್ಟರ್.

ಮೊದಲು ಜಾತಿಭೇದವನ್ನು ತಿಳಿಯಬೇಕು. ಎಂಜಿನ್ನುಗಳಲ್ಲಿ ಎರಡು ಬಗೆ. ಪೆಟ್ರೋಲ್ ಅಥವಾ ಸಿ.ಎನ್.ಜಿ.ಯಿಂದ ನಡೆಯುವ ಎಂಜಿನ್ನಿಗೆ ಹೊರಗಿನಿಂದ ಕಿಡಿ ಬೇಕು. ಬ್ಯಾಟರಿಯ 12 ವೋಲ್ಟಿನ ವಿದ್ಯುತ್ತನ್ನು ಕಾಯಿಲು ಇಪ್ಪತ್ತು ಮೂವತ್ತು ಸಾವಿರ ವೋಲ್ಟಿಗೆ ಏರಿಸಿ, ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರಿಸುವದು. ಸುರುಳಿಯೊಳಗಿನ ಕಾಂತಬಲವು ಬದಲಾದಾಗ ತಂತಿಯಲ್ಲಿ ವಿದ್ಯುತ್ತು ಹುಟ್ಟುವದೆಂದು ಮೈಕೇಲ್ ಫ್ಯಾರಡೆ ಎಂಬ ಪಂಡಿತನು 1831ರಲ್ಲಿ ಕಂಡುಹಿಡಿದನು. ಇಂದಿನ ಕಾಯಿಲಿಗೂ ಅದೇ ತತ್ತ್ವವೇ ಮೂಲ. ಡೀಸೆಲ್ ಎಂಜಿನ್ನಿನ ಮಾರ್ಗವು ಬೇರೆ. ಅದರಲ್ಲಿ ಗಾಳಿಯನ್ನು ಬಲವಾಗಿ ಒತ್ತಿದ ಮಾತ್ರಕ್ಕೇ ಅದು ಅತ್ಯಂತ ಬಿಸಿಯಾಗಿ, ಇಂಜೆಕ್ಟರಿನಿಂದ ಬಂದ ಡೀಸೆಲ್ಲು ತಾನಾಗಿಯೇ ಹೊತ್ತಿಕೊಳ್ಳುವದು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಶಿಲ್ಪಿಯು 1897ರಲ್ಲಿ ಇಂಥ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಆದುದರಿಂದ ಕಬ್ಬನ್ನು ಹೊತ್ತು ಹವಳಗಾ, ಭೂಸನೂರು ಕಾರಖಾನೆಗಳಿಗೆ ಹೋಗುವ ದೊಡ್ಡ ಡೀಸೆಲ್ ಲಾರಿಯಲ್ಲಿ ಇಗ್ನಿಶನ್ ಕಾಯಿಲೆಂಬುದೇ ಇಲ್ಲ. ಛಳಿಗಾಲದಲ್ಲಿ ಎಂಜಿನ್ನನ್ನು ಎಬ್ಬಿಸಲು ಕೆಲವು ಡೀಸೆಲ್ ಗಾಡಿಗಳಲ್ಲಿರುವ ಹೀಟರ್ ಪ್ಲಗ್ಗು ಬೇರೆ ವಸ್ತು. ಡೀಸೆಲ್ ಲಾರಿಗೆ "ಕಾಯಿಲು ಹೋಗಿದೆ" ಎಂದು ಯಾವನಾದರೂ ಹೇಳಿದರೆ, ಅವನ ಕೈಗೆ ಹಣ ಕೊಡುವ ಮುಂಚೆ ಇನ್ನೊಬ್ಬನನ್ನು ಕೇಳುವದು ಲೇಸು.

ಸಣ್ಣ ಗಾಡಿಗಳ ಮಾತು ಹಾಗಲ್ಲ. ಜನರು ಛೋಟಾ ಹಾಥಿ ಎಂದು ಕರೆಯುವ ಟಾಟಾ ಏಸ್ 2005ರಲ್ಲಿ ಡೀಸೆಲ್ ಎಂಜಿನ್ನಿನೊಡನೆ ಬಂದಿತು; ಅನಂತರ ಅದೇ ಗಾಡಿಯು ಪೆಟ್ರೋಲಿನಲ್ಲಿಯೂ ಸಿ.ಎನ್.ಜಿ.ಯಲ್ಲಿಯೂ ದೊರೆಯಹತ್ತಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮವು ಜಾರಿಯಾದ ಮೇಲಿನ ಗಾಡಿಗಳಲ್ಲಿ ಕಿಡಿಯನ್ನೂ ಇಂಧನವನ್ನೂ ಒಂದು ಚಿಕ್ಕ ಗಣಕಯಂತ್ರವೇ ಆಳುತ್ತದೆ. ಎಲ್ಲಿ ಏನು ತಪ್ಪಿತೆಂಬುದನ್ನು ಅದು ನೆನಪಿಟ್ಟುಕೊಂಡು, ಚಾಲಕನ ಮುಂದೆ ಎಂಜಿನ್ನಿನ ಆಕಾರದ ಹಳದಿ ದೀಪವನ್ನು ಹಚ್ಚುವದು.

ಇನ್ನು ಲಕ್ಷಣಗಳು. ಪೆಟ್ರೋಲ್ ಗಾಡಿಯು ನಿಂತಲ್ಲಿಯೇ ನಡುಗುವದು, ಏರಿನಲ್ಲಿ ಪಿಕಪ್ ಇಲ್ಲದಿರುವದು, ಸೈಲೆನ್ಸರಿನಿಂದ "ಫಟ್ ಫಟ್" ಎಂಬ ಮುರಿದ ಶಬ್ದ ಬರುವದು: ಇದನ್ನೇ ಮಿಸ್ತ್ರಿಗಳು "ಮಿಸ್ಸಿಂಗ್ ಹೊಡೆಯುತ್ತದೆ" ಎನ್ನುವರು. ಎಂಜಿನ್ನಿನ ಒಂದು ಸಿಲಿಂಡರು ಕೆಲಸ ಮಾಡುತ್ತಿಲ್ಲವೆಂದು ಇದರ ಅರ್ಥ. ಹಳದಿ ದೀಪವು ಸುಮ್ಮನೆ ಉರಿದರೆ ಸಾವಕಾಶವಾಗಿ ಗ್ಯಾರೇಜಿಗೆ ಹೋಗಬಹುದು. ಅದು ಮಿಣುಕುತ್ತಿದ್ದರೆ ಮಾತ್ರ ಭಾರವನ್ನು ಎಳೆಯಿಸಬಾರದು. ಉರಿಯದ ಪೆಟ್ರೋಲು ಹೊಗೆಯ ನಳಿಗೆಯಲ್ಲಿರುವ ಶೋಧಕಕ್ಕೆ ಹೋಗಿ ಅಲ್ಲಿ ಉರಿದು, ಬೆಲೆಯುಳ್ಳ ಆ ಭಾಗವನ್ನು ಸುಟ್ಟು ಹಾಕುವದು. ಚಿಕ್ಕ ರೋಗವು ಹೀಗೆ ದೊಡ್ಡ ಸಾಲವಾಗುತ್ತದೆ.

ನಮ್ಮ ಓಣಿಯ ಗೃಹಸ್ಥರೊಬ್ಬರು ಕಂತಿನ ಮೇಲೆ ಪೆಟ್ರೋಲ್ ಗಾಡಿಯನ್ನು ಕೊಂಡು ಕಲಬುರ್ಗಿಯ ಪೇಟೆಗೆ ಕಾಯಿಪಲ್ಯ ಸಾಗಿಸುವರು. ಕಳೆದ ಮಳೆಗಾಲದಲ್ಲಿ ಒಂದು ದಿನ ಅವರು ಬಂದು, "ಮಾಸ್ತರ್ರ, ನಾಕೂ ಇಂಜೆಕ್ಟರ್ ಹೊಸಾವೇ ಹಾಕ್ಸೀನ್ರಿ, ಖರೆ ಗಾಡಿ ಮಿಸ್ಸಿಂಗ್ ಹೊಡ್ಯೂದು ಬಿಟ್ಟಿಲ್ರಿ," ಎಂದರು. ಎರಡು ತಿಂಗಳ ಕಂತಿನ ಹಣವು ಆ ನಾಲ್ಕು ಇಂಜೆಕ್ಟರುಗಳಿಗೆ ಹೋಗಿತ್ತು. "ಯಾಕೆ ಬದಲಿಸಿದರು? ಏನನ್ನು ನೋಡಿ ನಿಶ್ಚಯಿಸಿದರು?" ಎಂದು ಕೇಳಿದೆ. "ಅದು ಕೇಳಿಲ್ರಿ," ಎಂದರು. ಕೊನೆಗೆ ಇನ್ನೊಬ್ಬ ಮಿಸ್ತ್ರಿಯು ನೋಡಿದಾಗ, ಎರಡನೆಯ ಕಾಯಿಲಿನ ರಬ್ಬರು ಸೀಳಿ, ತೊಳೆದ ನೀರು ಪ್ಲಗ್ಗಿನ ಕುಳಿಯಲ್ಲಿ ನಿಂತಿತ್ತು. ಕಿಡಿಯು ಪ್ಲಗ್ಗಿನ ತುದಿಗೆ ಹೋಗದೆ ಬದಿಯಲ್ಲಿಯೇ ಹಾರಿಹೋಗುತ್ತಿತ್ತು. ಒಂದು ಕಾಯಿಲಿನಿಂದ ಮುಗಿಯುವ ಕೆಲಸವಾಗಿತ್ತು ಅದು.

ನ್ಯಾಯಶಾಸ್ತ್ರವನ್ನು ಓದುವ ಹುಡುಗರಿಗೆ ಹೊಗೆ ಮತ್ತು ಬೆಂಕಿಯ ಉದಾಹರಣೆಯನ್ನು ಮೊದಲು ಕಲಿಸುವದುಂಟು. ಕಾರಣವನ್ನು ಗೊತ್ತುಮಾಡಲು ಎರಡು ಪರೀಕ್ಷೆಗಳು: ಅದಿದ್ದಲ್ಲಿ ಇದಿರಬೇಕು, ಇದು ಅನ್ವಯ, ಅದಿಲ್ಲದಲ್ಲಿ ಇದಿರಬಾರದು, ಇದು ವ್ಯತಿರೇಕ. ಈ ಎರಡೂ ಕೂಡಿದಾಗಲೇ ನಿಶ್ಚಯ. ಒಳ್ಳೆಯ ಮಿಸ್ತ್ರಿಯು ಈ ಹೆಸರುಗಳನ್ನು ಕೇಳಿರಲಿಕ್ಕಿಲ್ಲ. ಆದರೆ ಅವನು ಮಾಡುವದು ಇದನ್ನೇ. ಕ್ರಮವು ಹೀಗೆ:

1. ಸ್ಕ್ಯಾನರನ್ನು ಹಚ್ಚಿ ದೋಷದ ಅಂಕವನ್ನು ಓದಬೇಕು. ಪಿ 0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ 0302 ಎಂದರೆ ಎರಡನೆಯದರಲ್ಲಿ, ಹೀಗೆ ಮುಂದಕ್ಕೆ. ಪಿ 0300 ಬಂದರೆ ದೋಷವು ಒಂದೇ ಕಡೆ ನಿಂತಿಲ್ಲ. ಪಿ 0351ರಿಂದ ಮುಂದಿನವು ಕಾಯಿಲಿನ ತಂತಿಮಾರ್ಗವನ್ನೂ, ಪಿ 0201ರಿಂದ ಮುಂದಿನವು ಇಂಜೆಕ್ಟರಿನ ತಂತಿಮಾರ್ಗವನ್ನೂ ತೋರಿಸುವವು. ಅಂಕವು ಊರನ್ನು ಹೇಳುವದು, ಮನೆಯನ್ನು ಹೇಳದು. ಅಂಕ ಬಂದೊಡನೆ ಭಾಗವನ್ನು ಕೊಳ್ಳಬಾರದು.

2. ಎರಡನೆಯ ಸಿಲಿಂಡರಿನ ಮೇಲೆ ಸಂಶಯವಿದ್ದರೆ, ಅದರ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಹಾಕಿ, ಹಳೆಯ ಅಂಕವನ್ನು ಅಳಿಸಿ ಎಂಜಿನ್ನನ್ನು ನಡೆಸಬೇಕು. ದೋಷವು ಕಾಯಿಲನ್ನು ಹಿಂಬಾಲಿಸಿ ಪಿ 0303 ಆಗಿ ಬಂದರೆ, ಎರಡನೆಯದು ಸ್ವಸ್ಥವಾದರೆ, ಅನ್ವಯವ್ಯತಿರೇಕಗಳೆರಡೂ ಸಿದ್ಧಿಸಿದವು; ಕಾಯಿಲೇ ಕಾರಣ. ದೋಷವು ಎರಡನೆಯದರಲ್ಲಿಯೇ ಉಳಿದರೆ ಕಾಯಿಲು ನಿರಪರಾಧಿ. ಆಗ ಪ್ಲಗ್ಗನ್ನು, ಅನಂತರ ಇಂಜೆಕ್ಟರನ್ನು ಇದೇ ರೀತಿ ಸ್ಥಳಾಂತರಿಸಿ ನೋಡಬೇಕು. ಒಮ್ಮೆಗೆ ಒಂದೇ ವಸ್ತು. ಎರಡನ್ನು ಕೂಡಿಯೇ ಬದಲಿಸಿದರೆ ಪರೀಕ್ಷೆಯು ವ್ಯರ್ಥ. ಮೂರನ್ನೂ ಬದಲಿಸಿದರೂ ದೋಷವು ಕದಲದಿದ್ದರೆ ತಂತಿಯನ್ನೂ, ಸಿಲಿಂಡರಿನ ಒತ್ತಡವನ್ನೂ ಪರೀಕ್ಷಿಸಬೇಕು. ಧಾನ್ಯದ ಮನೆಯ ಮಗ್ಗುಲಲ್ಲಿ ನಿಲ್ಲುವ ಗಾಡಿಗಳ ತಂತಿಯನ್ನು ಇಲಿಗಳು ಕಡಿಯುವದು ನಮ್ಮ ಕಡೆಗೆ ಅಪರೂಪವಲ್ಲ.

3. ಬಿಚ್ಚಿದ ಪ್ಲಗ್ಗು ಮೂಕಸಾಕ್ಷಿಯಾಗಿದೆ. ಕೆಲಸ ಮಾಡದ ಸಿಲಿಂಡರಿನ ಪ್ಲಗ್ಗು ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನವು ಬರುತ್ತಿದೆ, ಕಿಡಿ ಬರುತ್ತಿಲ್ಲ. ಸಂಶಯವು ಕಾಯಿಲಿನ ಅಥವಾ ಪ್ಲಗ್ಗಿನ ಮೇಲೆ. ಅದು ಒಣಗಿದ್ದರೆ ಇಂಧನವೇ ಬರುತ್ತಿಲ್ಲವೆಂದು ಊಹಿಸಬಹುದು. ಸಂಶಯವು ಇಂಜೆಕ್ಟರಿನ ಮೇಲೆ.

4. ಉದ್ದವಾದ ಪೇಚಕಸದ ತುದಿಯನ್ನು ಇಂಜೆಕ್ಟರಿಗೆ ತಾಗಿಸಿ ಹಿಡಿಕೆಯನ್ನು ಕಿವಿಗೆ ಹಚ್ಚಿದರೆ ಗಡಿಯಾರದಂತೆ "ಟಿಕ್ ಟಿಕ್" ಶಬ್ದವು ಕೇಳಬೇಕು. ಮೌನವಾಗಿರುವ ಇಂಜೆಕ್ಟರಿನ ವಿದ್ಯುತ್‌ನಿರೋಧವನ್ನು ಅಳೆಯಬೇಕು. ಹೆಚ್ಚಿನ ಪೆಟ್ರೋಲ್ ಗಾಡಿಗಳಲ್ಲಿ ಅದು 12ರಿಂದ 16 ಓಮ್ ಇರುವದು. ನಿರೋಧವು ಸರಿಯಿದ್ದರೆ ಮೊದಲು ಶುದ್ಧಿ ಮಾಡಿಸಿ ನೋಡಬೇಕು. ಕಸದಿಂದ ಕಟ್ಟಿದ ಇಂಜೆಕ್ಟರು ಶುದ್ಧಿಯಿಂದ ಬದುಕಬಹುದು. ಸುಟ್ಟ ಸುರುಳಿಯದು ಬದುಕದು.

ಬದಲಿಸುವ ಕ್ರಮವು ಕಠಿಣವಲ್ಲ. ಎಂಜಿನ್ನು ತಣ್ಣಗಿರಬೇಕು, ಬ್ಯಾಟರಿಯ ಋಣತಂತಿಯನ್ನು ಬಿಚ್ಚಿರಬೇಕು. ಕಾಯಿಲಿನ ತಂತಿಯ ಕೊಂಡಿಯನ್ನು ಒತ್ತಿ ಕಳಚಿ, ಬೋಲ್ಟನ್ನು ಪಾನಾದಿಂದ ತೆಗೆದು, ಕಾಯಿಲನ್ನು ಸ್ವಲ್ಪ ತಿರುವಿ ನೆಟ್ಟಗೆ ಎಳೆಯಬೇಕು. ಕುಳಿಯಲ್ಲಿ ನೀರು, ಎಣ್ಣೆ ಇದ್ದರೆ ಅದರ ಮೂಲವನ್ನು ಹುಡುಕದೆ ಹೊಸ ಕಾಯಿಲನ್ನು ಹಾಕಬಾರದು. ಅದೂ ಹಳೆಯದರ ದಾರಿಯನ್ನೇ ಹಿಡಿಯುವದು. ಕಿಡಿ ನೋಡುವ ನೆಪದಿಂದ ಕಾಯಿಲನ್ನು ಕೈಯಲ್ಲಿ ಹಿಡಿದು ಎಂಜಿನ್ನನ್ನು ತಿರುಗಿಸುವದು ಕೈಗೂ ಅಪಾಯ, ಗಣಕಯಂತ್ರಕ್ಕೂ ಅಪಾಯ.

ಇಂಜೆಕ್ಟರಿನ ವಿಷಯದಲ್ಲಿ ಬೆಂಕಿಯ ಭಯವುಂಟು. ಪೆಟ್ರೋಲಿನ ನಳಿಗೆಯಲ್ಲಿ ಸುಮಾರು 3ರಿಂದ 4 ಬಾರ್ ಒತ್ತಡವು ನಿಂತಿರುತ್ತದೆ. ಪಂಪಿನ ಫ್ಯೂಜನ್ನು ತೆಗೆದು, ಎಂಜಿನ್ನು ತಾನಾಗಿ ನಿಲ್ಲುವವರೆಗೆ ನಡೆಸಿ ಆ ಒತ್ತಡವನ್ನು ಇಳಿಸಿದ ಮೇಲೆಯೇ ಬಿಚ್ಚತಕ್ಕದ್ದು. ಸುತ್ತಲಿನ ಧೂಳನ್ನು ಮೊದಲೇ ಒರಸಬೇಕು. ರಬ್ಬರಿನ ಬಳೆಗಳನ್ನು ಹೊಸವೇ ಹಾಕಿ, ಅವುಗಳಿಗೆ ತುಸು ಎಣ್ಣೆ ಸವರಿ ಕೂಡಿಸಬೇಕು. ಎಂಜಿನ್ನನ್ನು ಎಬ್ಬಿಸುವ ಮುಂಚೆ ಬೀಗದ ಕೈಯನ್ನು ಮಾತ್ರ ತಿರುವಿ, ಎಲ್ಲಿಯೂ ಒಸರುವದಿಲ್ಲವೆಂದು ನೋಡಬೇಕು. ಹತ್ತಿರದಲ್ಲಿ ಬೀಡಿ ಸೇದುವವರನ್ನು ದೂರ ಕಳಿಸುವದು ಸಭ್ಯತೆಗೆ ಕುಂದಲ್ಲ.

ಈಗ ಡೀಸೆಲ್ ಲಾರಿಗೆ ಬರೋಣ. ಇಲ್ಲಿಯ ಮಾತು ಪ್ರಾಣಕ್ಕೆ ಸಂಬಂಧಿಸಿದ್ದು. ಹಳೆಯ ಲಾರಿಗಳಲ್ಲಿ ಯಾವ ನಾಜಲ್ ಸತ್ತಿದೆಯೆಂದು ತಿಳಿಯಲು, ಎಂಜಿನ್ನು ನಡೆಯುತ್ತಿರುವಾಗಲೇ ಒಂದೊಂದು ನಳಿಗೆಯ ನಟ್ಟನ್ನು ಸಡಿಲಿಸುವ ರೂಢಿಯಿತ್ತು. ಯಾವುದನ್ನು ಸಡಿಲಿಸಿದರೆ ಶಬ್ದವು ಬದಲಾಗದೋ ಅದೇ ಕೆಟ್ಟದ್ದು. ತರ್ಕವೇನೋ ಸರಿಯೇ. ಆದರೆ ಹೊಸ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಇಂಧನದ ಒತ್ತಡವು 1,600 ಬಾರನ್ನು ಮೀರುವದುಂಟು. ಅಲ್ಲಿ ಹೀಗೆ ನಟ್ಟನ್ನು ಸಡಿಲಿಸಿದರೆ ಡೀಸೆಲ್ಲು ಸೂಜಿಯಂತೆ ಚರ್ಮವನ್ನು ಭೇದಿಸಿ ಒಳಗೆ ಹೋಗುವದು. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು; ನೋವೂ ಮೊದಲಿಗೆ ಅಲ್ಪ. ಕೆಲವು ಗಂಟೆಗಳಲ್ಲಿ ಒಳಗಿನ ಮಾಂಸವು ಕೆಡಹತ್ತಿ ಬೆರಳನ್ನೋ ಕೈಯನ್ನೋ ಕತ್ತರಿಸುವ ಪ್ರಸಂಗವು ಬರಬಹುದು. ಇಂಥ ಗಾಯವಾದರೆ ಅರಿಸಿನ ಹಚ್ಚಿ ಕೂಡ್ರಬೇಡಿರಿ. ಕೂಡಲೆ ಶಸ್ತ್ರಚಿಕಿತ್ಸೆಯುಳ್ಳ ದೊಡ್ಡ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ಲು ಒಳಗೆ ಹೋಗಿದೆಯೆಂದು ಸ್ಪಷ್ಟವಾಗಿ ಹೇಳಿರಿ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಮಕ್ಕಳಿರುವ ಮನೆಯವರು ಈ ಒಂದು ಮಾತನ್ನು ಅವರಿಗೆ ತಪ್ಪದೆ ತಿಳಿಸಬೇಕೆಂದು ನನ್ನ ಪ್ರಾರ್ಥನೆ.

ಕಾಮನ್ ರೈಲಿಗೆ ಪರೀಕ್ಷೆಯು ಬೇರೆ ಇದೆ. ಪ್ರತಿಯೊಂದು ನಾಜಲಿನಿಂದ ಹಿಂದಿರುಗುವ ಡೀಸೆಲ್ಲನ್ನು ಬೇರೆ ಬೇರೆ ಶೀಶೆಗಳಲ್ಲಿ ಹಿಡಿದು ಅಳೆಯುವರು. ಯಾವುದು ಉಳಿದವುಗಳಿಗಿಂತ ಬಹಳ ಹೆಚ್ಚು ಹಿಂದಿರುಗಿಸುವದೋ ಅದು ಸವೆದಿದೆ. ಹೊಗೆಯೂ ಮಾತನಾಡುತ್ತದೆ. ಕಪ್ಪು ಹೊಗೆಯು ಇಂಧನ ಹೆಚ್ಚಾಯಿತೆಂದೋ ಗಾಳಿ ಕಡಿಮೆಯಾಯಿತೆಂದೋ ಹೇಳುವದು; ನೀಲಿಯು ಎಂಜಿನ್ ಎಣ್ಣೆ ಉರಿಯುವದನ್ನು; ಬಿಟ್ಟೂಬಿಡದ ಬಿಳಿಯದು ಉರಿಯದ ಡೀಸೆಲ್ಲನ್ನು ಅಥವಾ ಒಳಸೇರಿದ ನೀರನ್ನು. ನಾಜಲನ್ನು ಅಪರಾಧಿಯೆನ್ನುವ ಮುಂಚೆ ಫಿಲ್ಟರನ್ನು ನೋಡಿರಿ. ಅದರ ಬುಡದಲ್ಲಿ ನಿಂತ ನೀರನ್ನು ಇಳಿಸಿರಿ. ಹೊಸ ನಾಜಲನ್ನು ಕೂಡಿಸುವಾಗ ತಾಮ್ರದ ವಾಶರು ಹೊಸದೇ ಇರಬೇಕು. ಅನೇಕ ಗಾಡಿಗಳಲ್ಲಿ ಹೊಸ ನಾಜಲಿನ ಮೇಲೆ ಕೊರೆದ ಅಂಕಾಕ್ಷರಗಳನ್ನು ಸ್ಕ್ಯಾನರಿನಿಂದ ಗಣಕಯಂತ್ರಕ್ಕೆ ತಿಳಿಸಬೇಕಾಗುವದು. ಈ ಕೆಲಸವನ್ನು ಬಿಟ್ಟರೆ ಹೊಸ ನಾಜಲೂ ಹಳೆಯದರಂತೆ ಬಡಿದುಕೊಳ್ಳುವದು.

ಮನೆಯ ಯಜಮಾನನು ತಾನೇ ಪಾನಾ ಹಿಡಿಯಬೇಕೆಂದು ನಾನು ಹೇಳುವದಿಲ್ಲ. ಆದರೆ ಗ್ಯಾರೇಜಿನಲ್ಲಿ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಲು ಅವನಿಗೆ ಅಧಿಕಾರವುಂಟು. "ಅಂಕ ಯಾವುದು ಬಂತು? ಚೀಟಿಯಲ್ಲಿ ಬರೆದುಕೊಡುವಿರಾ?" ಇದು ಒಂದು. "ಸ್ಥಳ ಬದಲಿಸಿ ನೋಡಿದಿರಾ?" ಇದು ಎರಡು. "ತೆಗೆದ ಹಳೆಯ ಭಾಗವನ್ನು ಕೊಡುವಿರಾ?" ಇದು ಮೂರು. ಬಲ್ಲ ಮಿಸ್ತ್ರಿಗೆ ಈ ಪ್ರಶ್ನೆಗಳಿಂದ ಸಂತೋಷವಾಗುವದು. ತನ್ನ ವಿದ್ಯೆಯನ್ನು ತಿಳಿಯುವ ಗಿರಾಕಿಯು ಅವನಿಗೆ ದಿನವೂ ದೊರೆಯುವದಿಲ್ಲ. ಸಿಟ್ಟಿಗೇಳುವವನ ಬಳಿಯಿಂದ ಗಾಡಿಯನ್ನು ಹಿಂದಕ್ಕೆ ತರುವದರಲ್ಲಿ ನಷ್ಟವಿಲ್ಲ.

ಮುಂಜಾಗ್ರತೆಯ ಮಾತುಗಳು ಕೆಲವೇ: ಎಂಜಿನ್ನಿನ ಮೇಲೆ ಜೋರಿನ ನೀರಿನ ಧಾರೆಯನ್ನು ಬಿಡಬಾರದು, ಪ್ಲಗ್ಗು, ಫಿಲ್ಟರುಗಳನ್ನು ಗಾಡಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಿಸಬೇಕು, ಟಾಕಿಯನ್ನು ತಳ ಕಾಣುವವರೆಗೆ ಬರಿದುಮಾಡಬಾರದು. ಎತ್ತಿಗೆ ಮೇವು ನೀರು ಹೊತ್ತಿಗೆ ಸರಿಯಾಗಿ ಬೇಕಾದಂತೆ ಗಾಡಿಗೂ ಇಷ್ಟು ಬೇಕು. ಕಾರಣವನ್ನು ತಿಳಿದು ಖರ್ಚು ಮಾಡಿದ ರೂಪಾಯಿಯು ಕಂತಿನ ದಿನ ಕೈಯಲ್ಲಿ ಉಳಿಯುವದು. ತಿಳಿಯದೆ ಮಾಡಿದ್ದು ಗ್ಯಾರೇಜಿನ ಮೂಲೆಯಲ್ಲಿ ಕಬ್ಬಿಣದ ಚೂರಾಗಿ ಬಿದ್ದಿರುವದು.