ಪಕ್ಕದವರ ಎಲೆಯಿಂದ ಬಡಿಸುವುದು ದಾಸೋಹವಲ್ಲ



ಕೊಡಗು ಬಿಜೆಪಿಯ ಭದ್ರಕೋಟೆ ಎಂಬ ಮಾತು ಬಹಳ ಕಾಲ ನಡೆಯಿತು. 2008, 2013, 2018ರ ಮೂರೂ ಚುನಾವಣೆಗಳಲ್ಲಿ ಮಡಿಕೇರಿ, ವಿರಾಜಪೇಟೆ ಎರಡೂ ಕ್ಷೇತ್ರಗಳು ಆ ಪಕ್ಷಕ್ಕೇ ಒಲಿದಿದ್ದವು. 2023ರಲ್ಲಿ ಎರಡೂ ಕೈತಪ್ಪಿದವು. ಶನಿವಾರಸಂತೆ, ಕೊಡ್ಲಿಪೇಟೆ ಕಡೆಯ ನಮ್ಮ ಸಮಾಜದಲ್ಲಿ ಆ ಪಕ್ಷವನ್ನು ನೆಚ್ಚಿಕೊಂಡವರು ಅನೇಕರಿದ್ದಾರೆ. ಕಾರಣ ಕೇಳಿದರೆ ಅವರು ಹೇಳುವುದು ಒಂದೇ: ಜನ ಗ್ಯಾರಂಟಿಗೆ ಮರುಳಾದರು. ಇದನ್ನು ನಾನು ಒಪ್ಪಲಾರೆ.

ಜನ ಕೇವಲ ಅಕ್ಕಿಗೆ, ಎರಡು ಸಾವಿರ ರೂಪಾಯಿಗೆ ಮತ ಮಾರಿಕೊಳ್ಳುವವರಾಗಿದ್ದರೆ, ಗ್ಯಾರಂಟಿಗಳು ಮನೆಮನೆಗೆ ತಲುಪುತ್ತಿದ್ದಾಗಲೇ 2024ರಲ್ಲಿ ಮೈಸೂರು-ಕೊಡಗು ಲೋಕಸಭಾ ಕ್ಷೇತ್ರವನ್ನು ಬಿಜೆಪಿಯ ಯದುವೀರ್ ಒಡೆಯರ್ ಗೆಲ್ಲುತ್ತಿರಲಿಲ್ಲ. ಕಾಫಿ ತೋಟದ ಲೈನ್ ಮನೆಯ ಹೆಣ್ಣುಮಗಳು ಬಸ್ಸಿನಲ್ಲಿ ಪುಕ್ಕಟೆ ಓಡಾಡುವುದನ್ನು ಹಂಗಿಸುವವರು ಅವಳ ದಿನದ ಕಾಯಕವನ್ನು ಮರೆತಿದ್ದಾರೆ. ಇನ್ನು ಪಕ್ಷದ ನಿಲುವಾದರೂ ಒಂದೇ ಆಗಿತ್ತೇ? 2022ರ ಜುಲೈನಲ್ಲಿ ಪ್ರಧಾನಿಯವರು 'ರೇವಡಿ ಸಂಸ್ಕೃತಿ' ಎಂದು ಉಚಿತ ಕೊಡುಗೆಗಳನ್ನು ಖಂಡಿಸಿದರು. ಮರುವರ್ಷ ಅದೇ ಪಕ್ಷದ ಪ್ರಣಾಳಿಕೆ ಬಡ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಉಚಿತ ಎಂದಿತು. ಮಧ್ಯಪ್ರದೇಶ, ಮಹಾರಾಷ್ಟ್ರಗಳಲ್ಲಿ ಅದರ ಸರ್ಕಾರಗಳೇ ಮಹಿಳೆಯರ ಖಾತೆಗೆ ತಿಂಗಳು ತಿಂಗಳು ಹಣ ಹಾಕಿದವು. ಕೊಡುವುದರಲ್ಲಿ ಯಾರಿಗೂ ತಕರಾರಿಲ್ಲ ಎಂದಾಯಿತು.

ನನ್ನ ತಕರಾರು ಇನ್ನೊಂದು ಬಗೆಯ ಜನಮರುಳು ರಾಜಕಾರಣದ ಬಗ್ಗೆ. ಅದು ಕೈಗೆ ಏನನ್ನೂ ಕೊಡುವುದಿಲ್ಲ. ಎದೆಗೆ ಸಿಟ್ಟನ್ನು ಮಾತ್ರ ಕೊಡುತ್ತದೆ. ಕೊಡಗು ಇದರ ಬೆಲೆ ತೆತ್ತಿದೆ. ಕಾಂಗ್ರೆಸ್ ಸರ್ಕಾರ ಟಿಪ್ಪು ಜಯಂತಿಯನ್ನು ಹಠ ಹಿಡಿದು ತಂದಿತು. 2015ರ ನವೆಂಬರ್ 10ರಂದು ಮಡಿಕೇರಿಯ ಗಲಭೆಯಲ್ಲಿ ಜೀವ ಹೋಯಿತು. 2019ರಲ್ಲಿ ವಿರಾಜಪೇಟೆಯ ಶಾಸಕರಾಗಿದ್ದ ಕೆ.ಜಿ. ಬೋಪಯ್ಯ ಅವರ ಪತ್ರದ ಮೇರೆಗೆ ಬಿಜೆಪಿ ಸರ್ಕಾರ ಜಯಂತಿಯನ್ನು ರದ್ದು ಮಾಡಿತು. ನೊಂದ ಜನರಿಗೆ ಅದು ಸಮಾಧಾನ ತಂದಿರಬಹುದು. ಆದರೆ ಅಷ್ಟರಲ್ಲಿ ಕೊಡಗಿನ ಅಳಲು ಬೇರೆಯಾಗಿತ್ತು. 2018ರ ಆಗಸ್ಟ್‌ನಲ್ಲಿ ಬೆಟ್ಟಗಳೇ ಜರಿದು ಮನೆ, ತೋಟ ಮಣ್ಣುಪಾಲಾಗಿದ್ದವು. ಮುಂದಿನ ಎರಡು ಮಳೆಗಾಲಗಳಲ್ಲೂ ಭೂಕುಸಿತ ಜೀವ ತೆಗೆಯಿತು. ತೋಟಕ್ಕೆ ಆನೆ ನುಗ್ಗುವುದಂತೂ ನಿತ್ಯದ ಮಾತು. 2023ರಲ್ಲಿ ಬೋಪಯ್ಯನವರೂ ಸೋತರು. ಹಳೆಯ ಸಿಟ್ಟನ್ನು ಎಷ್ಟು ವರ್ಷ ಕಾಯಿಸಿ ಬಡಿಸಲು ಸಾಧ್ಯ?

ಈಗ ನಮ್ಮ ಮನೆಯ ಮಾತಿಗೇ ಬರುತ್ತೇನೆ. 2023ರ ಮಾರ್ಚ್‌ನಲ್ಲಿ, ಚುನಾವಣೆ ಬಾಗಿಲಿಗೆ ಬಂದಾಗ, ಅಂದಿನ ಸರ್ಕಾರ ಮುಸ್ಲಿಮರ ಶೇ 4ರ ಮೀಸಲಾತಿಯನ್ನು ತೆಗೆದು ಒಕ್ಕಲಿಗರಿಗೆ ಶೇ 2, ನಮಗೆ ಶೇ 2 ಎಂದು ಹಂಚಿತು. ನಮ್ಮಲ್ಲಿ ಕೆಲವರು ಸಿಹಿ ಹಂಚಿದರು. ಸುಪ್ರೀಂ ಕೋರ್ಟಿನ ಮುಂದೆ ಪ್ರಶ್ನೆ ಎದ್ದಾಗ, ಸದ್ಯಕ್ಕೆ ಜಾರಿ ಮಾಡುವುದಿಲ್ಲ ಎಂದು ಸರ್ಕಾರವೇ ಹೇಳಬೇಕಾಯಿತು. ನಮಗೆ ಬಂದದ್ದೇನೂ ಇಲ್ಲ. ಪಕ್ಷ 104 ಸ್ಥಾನಗಳಿಂದ 66ಕ್ಕೆ ಇಳಿಯಿತು. ನಮ್ಮಲ್ಲೂ ಬಡವರಿದ್ದಾರೆ, ಅವರಿಗೆ ಮೀಸಲಾತಿ ಬೇಕು. ಅದನ್ನು ನ್ಯಾಯವಾಗಿ ಕೇಳೋಣ. ಆದರೆ ಪಂಕ್ತಿಯಲ್ಲಿ ಪಕ್ಕದವರ ಎಲೆಯಿಂದ ತೆಗೆದು ನಮ್ಮ ಎಲೆಗೆ ಹಾಕಿದರೆ ಅದು ದಾಸೋಹವಲ್ಲ. ಕಾಯಕದಿಂದ ಬಂದದ್ದನ್ನು ಹಂಚುವುದು ದಾಸೋಹ. ಉಣ್ಣುವವನ ಕುಲ ಕೇಳದಿರುವುದು ಅದರ ಮೊದಲ ನಿಯಮ.

ಸಂಪ್ರದಾಯವನ್ನು ಕಾಪಾಡುತ್ತೇವೆ ಎನ್ನುವ ಪಕ್ಷಕ್ಕೆ ಈ ನಾಡಿನಲ್ಲಿ ಭವಿಷ್ಯವಿದೆ. ಅದು ಗ್ಯಾರಂಟಿಗಿಂತ ದೊಡ್ಡ ಗ್ಯಾರಂಟಿ ಕೂಗುವುದರಲ್ಲಿಲ್ಲ, ಹೊಸ ಶತ್ರುವನ್ನು ಹುಡುಕುವುದರಲ್ಲೂ ಇಲ್ಲ. ಕುಸಿಯುವ ಬೆಟ್ಟ, ಲೈನ್ ಮನೆಯ ಕುಟುಂಬಕ್ಕೆ ಸ್ವಂತ ಸೂರು, ಬೆಳೆಗಾರನ ಬದುಕು, ಇವುಗಳಿಗೆ ಹೆಗಲು ಕೊಡುವುದರಲ್ಲಿದೆ. ಮಠಗಳಿಗೆ ಮತ ಕೇಳಲು ಬರುವವರನ್ನು ಪೂಜ್ಯರೂ ಭಕ್ತರೂ ಕೇಳಬೇಕಾದದ್ದು ಇಷ್ಟೇ: ನಮಗೆ ಏನು ಕೊಡುತ್ತೀರಿ ಎಂದಲ್ಲ, ಅದನ್ನು ಯಾರ ಎಲೆಯಿಂದ ತೆಗೆದಿರಿ ಎಂದು.